ದೀಪ ಹಚ್ಚುವ ಮೊದಲು

ಜನಾಬಾಯಿ ಬರಿಗಾಲಲ್ಲಿ ನಡೆಯತೊಡಗಿ ನಲವತ್ತು ದಿನವಾಗಿತ್ತು. ಅಥಣಿಯ ಆ ಓಣಿಯಲ್ಲಿ ಅವಳಷ್ಟು ಚೆಂದವಾಗಿ ಚಪ್ಪಲಿಯ ಮೇಲಿನ ಜಡೆ ಹೆಣೆಯುವವರು ಇನ್ನೊಬ್ಬರಿಲ್ಲ. ಅವಳ ಕೈಯ ಕೊಲ್ಹಾಪುರಿ ಚಪ್ಪಲಿ ಪೋರ್ಚುಗಲ್ಲಿನವರೆಗೆ ಹೋಗಿ ಬಿಳಿಯರ ಕಾಲು ಸೇರಿದೆ. ಅಂಥವಳು ವೈಶಾಖದ ಬಿಸಿಲಿಗೆ ಕಾದ ಡಾಂಬರಿನ ಮೇಲೆ ಬರಿಗಾಲಲ್ಲಿ ಸಂತೆಗೆ ಹೋಗಿ ಬರುತ್ತಿದ್ದಳು. ಹೋದ ರೊಕ್ಕ ತಿರುಗಿ ಬರುವವರೆಗೆ ಚಪ್ಪಲಿ ಮೆಟ್ಟುವುದಿಲ್ಲವೆಂದು ಯಲ್ಲಮ್ಮನಿಗೆ ಹರಕೆ ಹೊತ್ತಿದ್ದಳು.

ರೊಕ್ಕ ಬರುವುದಿಲ್ಲವೆಂದು ಚೆನ್ನಾಗಿ ಗೊತ್ತಿದ್ದವಳು ಒಬ್ಬಳೇ, ಅವಳ ಅಣ್ಣನ ಮಗಳು ಉಜ್ವಲಾ. ಗೊತ್ತಿದ್ದೂ ಬಾಯಿ ಮುಚ್ಚಿಕೊಂಡು, ರವಿವಾರಕ್ಕೊಮ್ಮೆ ಬಂದು ಅತ್ತೆಯ ಕೈಯ ಚಹಾ ಕುಡಿದು ಹೋಗುತ್ತಿದ್ದಳು.

ಉಜ್ವಲಾ ಕಾಗವಾಡದ ಒಂದು ಸಹಕಾರಿ ಸಂಘದಲ್ಲಿ ಗುಮಾಸ್ತೆ. ಪೋರ್ಚುಗಲ್ಲಿನ ಅಂಗಡಿಯವನನ್ನು ಫೋನಿನಲ್ಲಿ ಹುಡುಕಿ ಅತ್ತೆಗೆ ಗಂಟುಹಾಕಿದವಳು ಅವಳೇ. ಆತ ರೊಕ್ಕವನ್ನು ಬ್ಯಾಂಕಿನಿಂದ ಕಳಿಸದೆ ಡಾಲರಿನ ಬೆಲೆಯ ಕ್ರಿಪ್ಟೊ ನಾಣ್ಯದಲ್ಲಿ ಕಳಿಸುತ್ತಿದ್ದ. ಅದರಲ್ಲಿ ಒಂದು ತೊಡಕಿತ್ತು. ನಾಣ್ಯ ಬಂದು ಬೀಳುತ್ತಿದ್ದುದು ಒಂದು ಬ್ಲಾಕ್‌ಚೈನ್‌ನಲ್ಲಿ; ಅದನ್ನು ಕೊಂಡು ರೂಪಾಯಿ ಕೊಡುವ ಆಪ್‌ಗೆ ಬೇಕಾಗಿದ್ದುದು ಇನ್ನೊಂದರಲ್ಲಿ. ಹೊಳೆಯ ಎರಡು ದಡ ಅನ್ನಿ. ಆ ದಡದ ನಾಣ್ಯವನ್ನು ಈ ದಡಕ್ಕೆ ದಾಟಿಸುವ ಜಾಲತಾಣಗಳಿಗೆ ಬ್ರಿಜ್ ಎಂದು ಹೆಸರು. ಅಸಲಿ ಬ್ರಿಜ್ ಒಂದಿದ್ದರೆ ಅದರದೇ ಬಣ್ಣ, ಅದರದೇ ಹೆಸರು ಹೊತ್ತ ನಕಲಿಗಳು ಹತ್ತು.

ಇದೆಲ್ಲ ಉಜ್ವಲಾಗೆ ಬಾಯಿಪಾಠ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಸಂಘದ ಮಂದಿಗೆ ಪಾಠವನ್ನೂ ಹೇಳುತ್ತಿದ್ದಳು. ಬ್ರಿಜ್ಜಿನ ವಿಳಾಸ ಹುಡುಕಲು ಹೋಗಬ್ಯಾಡ್ರಿ, ಮೊದಲು ಖಾತ್ರಿ ಮಾಡಿ ಉಳಿಸಿಟ್ಟದ್ದನ್ನ ತಗೀರಿ. ಏನು ಪರವಾನಗಿ ಕೇಳತೈತಿ ಓದ್ರಿ. ಮೊದಲು ಐದು ಡಾಲರ್ ದಾಟಸ್ರಿ, ಅದು ಆ ಕಡೆ ಮುಟ್ಟಿದ್ದನ್ನ ಕಣ್ಣಾರೆ ನೋಡ್ರಿ, ಆಮ್ಯಾಲೆ ಉಳದದ್ದು. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಅನ್ನುವುದು ಇಂಥವರನ್ನು ನೋಡಿಯೇ ಹುಟ್ಟಿದ ಮಾತಿರಬೇಕು.

ಆ ದಿನ ಅರವತ್ತು ಜೋಡಿ ಚಪ್ಪಲಿಯ ರೊಕ್ಕ ಉಜ್ವಲಾಳ ಫೋನಿನ ವ್ಯಾಲೆಟ್ಟಿಗೆ, ಅಂದರೆ ನಾಣ್ಯ ಕೂಡಿಡುವ ಚೀಲಕ್ಕೆ, ಬಂದಿತ್ತು, ರೂಪಾಯಿಯಲ್ಲಿ ಒಂದೂವರೆ ಲಕ್ಷ. ಜನಾಬಾಯಿ ಮತ್ತು ಮೂವರು ಹೆಂಗಸರು ಮೂರು ತಿಂಗಳು ಬೆನ್ನು ಬಗ್ಗಿಸಿ ಹೆಣೆದದ್ದು. ಕಾಗವಾಡದ ಬಸ್ಸು ತಡವಾಗಿ, ಉಜ್ವಲಾ ಅತ್ತೆಯ ಹೊಸ್ತಿಲು ತುಳಿದಾಗ ಸಂಜೆ ಆರೂವರೆ. ಜನಾಬಾಯಿ ಬತ್ತಿ ಹೊಸೆದುಕೊಂಡು ದೇವರ ಮುಂದೆ ಕೂತಿದ್ದಳು.

"ಲಗೂನ ಕಳಸವ್ವಾ, ದೀಪ ಹಚ್ಚೂ ಹೊತ್ತಾತು. ದೀಪ ಹಚ್ಚಿದ ಮ್ಯಾಲೆ ಲಕ್ಷ್ಮೀನ ಕೈಬಿಡಬಾರದು."

"ರೊಕ್ಕ ನಮ್ಮನಿಗೇ ಬರೂದಲ್ಲೇನು ಅತ್ತಿ?"

"ಬರೂದ ಖರೆ. ಆದ್ರ ಒಮ್ಮೆ ಹೋಗೇ ಬರೂದಲ್ಲ?"

ಉಜ್ವಲಾ ನಕ್ಕಳು. ನಕ್ಕರೂ ಅವಸರ ಅವಳಿಗೂ ಹತ್ತಿತು, ಏಕೆಂದರೆ ಹುಟ್ಟಿದಾಗಿನಿಂದ ಆ ಮನೆಯಲ್ಲಿ ದೀಪ ಹಚ್ಚಿದ ಮೇಲೆ ಉಪ್ಪು, ಮೊಸರು, ರೊಕ್ಕ ಹೊರಗೆ ಹೋದದ್ದನ್ನು ಅವಳೂ ಕಂಡಿರಲಿಲ್ಲ. ಐದು ಡಾಲರ್ ಮುಟ್ಟುವುದಕ್ಕೆ ಇಪ್ಪತ್ತು ನಿಮಿಷ ಬೇಕು, ಅಷ್ಟರಲ್ಲಿ ಕತ್ತಲು. ಫೋನು ಹೊಸದು, ಉಳಿಸಿಟ್ಟ ವಿಳಾಸ ಹಳೆಯ ಫೋನಿನಲ್ಲೇ ಉಳಿದಿತ್ತು. ಹೆಸರು ಬರೆದು ಹುಡುಕಿದಳು. ಎಲ್ಲಕ್ಕಿಂತ ಮೇಲೆ ಬಂದದ್ದನ್ನು ಒತ್ತಿದಳು. ಅದೇ ಬಣ್ಣ, ಅದೇ ಹೆಸರು. ನಿನ್ನ ವ್ಯಾಲೆಟ್ಟಿನಲ್ಲಿರುವುದನ್ನೆಲ್ಲ ತೆಗೆದುಕೊಳ್ಳಲು ಪರವಾನಗಿ ಕೊಡು ಎಂದು ಕೇಳಿತು. ಓದಲಿಲ್ಲ, ಕೊಟ್ಟಳು. ಅದೇ ಗಳಿಗೆಗೆ, ಹಿಂದೆ ಜನಾಬಾಯಿ ಕೈಯ ರೂಢಿಯಿಂದ ಕಡ್ಡಿ ಗೀರಿ ದೀಪ ಹಚ್ಚಿಬಿಟ್ಟಳು.

ವ್ಯಾಲೆಟ್ಟಿನಲ್ಲಿ ಸೊನ್ನೆ ಉಳಿಯಿತು. ಆ ಕಡೆಯ ದಡದಲ್ಲಿ ಏನೂ ಏರಲಿಲ್ಲ. ಅರ್ಧ ತಾಸಿನಲ್ಲಿ ಉಜ್ವಲಾಗೆ ಎಲ್ಲ ತಿಳಿದಿತ್ತು. ಹೊರಗೆ ಬಂದು, ಅತ್ತೆಗೆ ಕೇಳಿಸದಂತೆ, ಸೈಬರ್ ಸಹಾಯವಾಣಿಗೆ ಫೋನು ಮಾಡಿ ದೂರು ಬರೆಸಿದಳು. ಅಷ್ಟರಲ್ಲಿ ನಾಣ್ಯ ನಾಲ್ಕು ಕೈ ದಾಟಿಹೋಗಿತ್ತು.

ಒಳಗೆ ಬಂದಾಗ ಜನಾಬಾಯಿ ಅವಳ ಮುಖ ನೋಡಿದಳು.

"ಹೋತೇನ?"

"ಹೂಂ."

"ನಾನ ದೀಪ ಹಚ್ಚಿಬಿಟ್ಟೆ," ಎಂದು ಜನಾಬಾಯಿ ಹಣೆ ಹಣೆ ಬಡಿದುಕೊಂಡಳು. "ಎರಡು ನಿಮಿಷ ತಡೀಲಿಲ್ಲ ಈ ಸುಡುಗಾಡು ಕೈ!"

ಆಗಲೇ "ಅಲ್ಲ ಅತ್ತಿ" ಎಂದಿದ್ದರೆ ಮುಗಿದುಹೋಗುತ್ತಿತ್ತು. ಉಜ್ವಲಾ ಅನ್ನಲಿಲ್ಲ. ಸುಮ್ಮನಿದ್ದಿದ್ದರೂ ಒಂದು ಮಾತು. ಅವಳು "ಇರಬಹುದು ಅತ್ತಿ" ಎಂದಳು. ಅಂದಿನಿಂದ ಸಂಘದಲ್ಲಿ ಯಾರಾದರೂ ಬ್ರಿಜ್ ಎಂದರೆ ಸಾಕು, ಬುತ್ತಿ ಮುಚ್ಚಿ ಎದ್ದುಹೋಗುತ್ತಿದ್ದಳು.

ಈ ರವಿವಾರ ಅವಳು ಬಂದಾಗ ಜನಾಬಾಯಿ ಹೆಣೆಯುತ್ತ ಕೂತಿದ್ದಳು, ಪಕ್ಕದಲ್ಲಿ ಓಣಿಯ ಗಂಗೂಬಾಯಿ. ಮೂವರು ಹೆಣೆಯುವವರಲ್ಲಿ ಅವಳೂ ಒಬ್ಬಳು. ಜನಾಬಾಯಿಯ ಅಂಗಾಲಿನ ಬೊಬ್ಬೆ ಒಡೆದು, ಅರಿಸಿನ ಮೆತ್ತಿತ್ತು.

"ಮತ್ತ ನಲವತ್ತು ಜೋಡಿ ಬೇಕಂತ ನೋಡವ್ವಾ," ಎಂದಳು ಜನಾಬಾಯಿ, ಖುಷಿಯಿಂದಲೇ. "ಈ ಸಲ ನಡು ಮಧ್ಯಾಹ್ನ ಕಳಸೂಣು. ದೀಪದ ಗೊಡವೀನ ಇಲ್ಲ."

"ನನ್ನ ಮಗ ಸಂಭಾಜಿಗೂ ಹೇಳೇನಿ," ಎಂದಳು ಗಂಗೂಬಾಯಿ. "ಅವನೂ ಅದೇನೋ ನಾಣ್ಯ ಆಕಡೆ ಈಕಡೆ ದಾಟಸ್ತಾನ. ಹಗಲಿನ್ಯಾಗ ಮಾಡಪಾ, ಏನೂ ಆಗೂದಿಲ್ಲ ಅಂದೆ."

ಉಜ್ವಲಾ ಚಹಾದ ಕಪ್ಪು ಕೆಳಗಿಟ್ಟಳು. ತನ್ನ ಸುಳ್ಳು ಓಣಿ ತಿರುಗಿ, ಇನ್ನೊಬ್ಬರ ಮನೆ ಸೇರಿತ್ತು.

"ಹಗಲಿನ್ಯಾಗೂ ಆಗತೈತಿ," ಎಂದಳು. "ದೀಪದ್ದೇನೂ ತಪ್ಪಿಲ್ಲ ಅತ್ತಿ. ತಪ್ಪು ನಂದು. ಕಳ್ಳರ ತಾಣ ಅದು, ನೋಡದ ಒತ್ತಿದೆ. ಮೊದಲು ಸ್ವಲ್ಪ ದಾಟಿಸಿ ನೋಡಬೇಕಿತ್ತು. ಮಂದಿಗೆ ಹೇಳಾಕಿ ನಾನ, ನಾನ ಮಾಡಲಿಲ್ಲ. ಆ ರೊಕ್ಕ ಬರೂದಿಲ್ಲ ಬೇ. ಅವತ್ತ ನಂಗ ಗೊತ್ತಿತ್ತು. ನನ್ನ ಪಗಾರದಾಗ ತೀರಸ್ತೀನಿ."

ಗಂಗೂಬಾಯಿ ಮೆಲ್ಲಗೆ ಎದ್ದು, ಸಂಭಾಜಿಗೆ ಹೇಳಿ ಬರ್ತೀನೆಂದು ಹೋದಳು. ಜನಾಬಾಯಿ ಚರ್ಮದ ಎಳೆಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು, ಹಿಡಿದ ಜಡೆಯನ್ನು ಕೊನೆಯವರೆಗೂ ಹೆಣೆದಳು. ಗಂಟು ಹಾಕಿ ಕೆಳಗಿಟ್ಟಳು.

"ತೀರಸು. ಬ್ಯಾಡ ಅನ್ನೂದಿಲ್ಲ, ಮೂರು ಮಂದಿ ಕೈಕೆಲಸ ಅದರಾಗ ಐತಿ," ಎಂದಳು. "ರೊಕ್ಕ ಕಳದಿದ್ದಕ್ಕ ನಾ ಏನೂ ಅನ್ನಾಂಗಿಲ್ಲ. ನಾನೂ ಅವಸರ ಮಾಡೇನಿ. ಆದ್ರ ನಲವತ್ತು ದಿನ ಈ ಕಾಲು ನೋಡ್ಕೊಂತ ನನ್ನ ಮನಿ ಚಹಾ ಹೆಂಗ ಇಳೀತು ನಿನಗ?"

ಉಜ್ವಲಾಗೆ ಅಳು ಬಂತು, ಅತ್ತಳು. ಜನಾಬಾಯಿ ಸಮಾಧಾನ ಮಾಡಲಿಲ್ಲ. ಕುಂಟುತ್ತ ಎದ್ದು ದೇವರ ಮುಂದೆ ಕೈಮುಗಿದು, ತಪ್ಪಾತು ಯವ್ವಾ, ಈ ಹರಕಿಯಿಂದ ನನ್ನ ಬಿಡಸು ಎಂದು, ಮೂಲೆಯಲ್ಲಿದ್ದ ತನ್ನ ಚಪ್ಪಲಿಯ ಧೂಳು ಝಾಡಿಸಿದಳು. ಬೊಬ್ಬೆಯ ಕಾಲನ್ನು ಅದರೊಳಗೆ ತೂರಿಸುವಾಗ ಮುಖ ಹಿಂಡಿದಳು.

ಹೊರಡುವ ಹೊತ್ತಿಗೆ ಹೊಸ್ತಿಲ ಹೊರಗೆ ಉಜ್ವಲಾಳ ಚಪ್ಪಲಿಯಿತ್ತು. ಅದೂ ಅತ್ತೆ ಹೆಣೆದದ್ದೇ. ಮೆಟ್ಟಲು ಕಾಲು ಬರಲಿಲ್ಲ. ಕೈಯಲ್ಲಿ ಎತ್ತಿಕೊಂಡು ಬಿಸಿಲಿಗೆ ಕಾಲಿಟ್ಟಳು.

"ಹಾಕ್ಕೋ ಅದನ್ನ," ಎಂದು ಜನಾಬಾಯಿ ಒಳಗಿನಿಂದ ಗದರಿದಳು. "ನಿನ್ನ ಕಾಲು ಸುಟ್ರ ನನ್ನ ಕಾಲು ತಣ್ಣಗ ಆಗತಾವೇನು?"