ಎರಡನೇ ಯಂತ್ರಕ್ಕೆ ಹೇಳದ ಮಾತು

ಆಸ್ಪತ್ರೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಜಾಗದ ಮೇಡಂ’ ಎಂದೇ. ಹಾಗಂತ ಸೈಟು, ಮನೆ ಮಾರುವವರಲ್ಲ. ಕಂಪ್ಯೂಟರಿನೊಳಗಿನ ಜಾಗ ಹಂಚುವವರು. ನೆಲಮಾಳಿಗೆಯ ತಣ್ಣನೆಯ ಕೋಣೆಯಲ್ಲಿ ಹಗಲಿರುಳು ಗುಂಯ್‌ಗುಡುವ ಸರ್ವರುಗಳಿವೆ. ರೋಗಿಗಳ ಎಕ್ಸ್‌ರೇ, ಸ್ಕ್ಯಾನು ಎಲ್ಲವೂ ಹೋಗಿ ಕೂರುವುದು ಅಲ್ಲಿನ ಡಿಸ್ಕುಗಳಲ್ಲಿ. ಯಾವ ವಿಭಾಗಕ್ಕೆ ಎಷ್ಟು ಜಾಗ, ಯಾರದು ತುಂಬುತ್ತ ಬಂತು, ಯಾರದನ್ನು ಹಿಗ್ಗಿಸಬೇಕು ಎಂದು ನೋಡಿಕೊಳ್ಳುವುದು ಮೇಡಂ ಕೆಲಸ. ಕೇಳಿದವರಿಗೆ ಕೇಳಿದಷ್ಟು ಕೊಟ್ಟವರಲ್ಲ, ನಿಜಕ್ಕೂ ಬೇಕಾದವರಿಗೆ ಇಲ್ಲ ಅಂದವರೂ ಅಲ್ಲ.

ಇಡೀ ಆಸ್ಪತ್ರೆಗೆ ಜಾಗ ಹಂಚುವ ಇಂಥ ಹೆಂಗಸಿಗೆ ಮನೆಯ ಒಂದು ಬೀರು ತಲೆನೋವಾಗಿ ಕೂತಿತ್ತು.

ಅದರ ಕಥೆ ಇಷ್ಟು. ಮೇಡಂ ಗಂಡನ ತಂಗಿ ಟೈಲರ್. ಮನೆಯಲ್ಲಿ ಅವಳಿಗೆ ‘ಸೂಜಿ’ ಎಂದು ಹೆಸರು. ಚಿಕ್ಕಂದಿನಲ್ಲಿ ಅಣ್ಣ ತಮಾಷೆಗೆ ಇಟ್ಟದ್ದು; ಮೈಕಟ್ಟಿಗೂ ಒಪ್ಪಿತು, ಮಾತಿಗೂ ಒಪ್ಪಿತು, ಕೊನೆಗೆ ಕಸುಬಿಗೂ ಒಪ್ಪಿತು. ಮದುವೆ ಗಿದುವೆ ತನಗೆ ಆಗಿಬರುವುದಿಲ್ಲ ಎಂದು ಹಳೆಯ ಕಟ್ಟಡವೊಂದರಲ್ಲಿ ಒಬ್ಬಳೇ ಬಾಡಿಗೆಗಿದ್ದು, ಕಿಟಕಿಯ ಪಕ್ಕ ಮಿಷನ್ ಹಾಕಿಕೊಂಡು ಹೊಲಿಯುತ್ತ ತಲೆಯೆತ್ತಿ ಬದುಕಿದವಳು. ಆ ಕಟ್ಟಡವನ್ನು ಕೆಡವುತ್ತಾರೆ ಎಂದಾದಾಗ ಹೊಲಿಗೆ ಮಿಷನ್ನನ್ನು ಗೆಳತಿಯ ಗೋದಾಮಿನಲ್ಲಿಟ್ಟು, ಒಂದು ಸೂಟ್‌ಕೇಸು ಹಿಡಿದು ಅಣ್ಣನ ಮನೆಗೆ ಬಂದಳು. ‘ಸ್ವಲ್ಪ ದಿನ’ ಅಂದಳು.

ಆ ಸ್ವಲ್ಪ ದಿನದಲ್ಲಿ ಮನೆಯ ಕಳೆಯೇ ಬದಲಾಯಿತು. ನಾದಿನಿ ಬಂದರೆ ಮೂಗು ಮುರಿಯುವ ಅತ್ತಿಗೆಯರ ಕಥೆಗಳು ಬೇಕಾದಷ್ಟಿವೆ, ಇದು ಅದಲ್ಲ. ಮೇಡಂಗೆ ಸೂಜಿಯೆಂದರೆ ಪ್ರಾಣ. ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ತರಕಾರಿ ಹೆಚ್ಚುತ್ತ ಕೂತರೆ, ಸೂಜಿ ತನ್ನ ಗಿರಾಕಿಗಳ ನಡಿಗೆ, ಮಾತು ಎಲ್ಲ ಮಾಡಿ ತೋರಿಸುತ್ತಿದ್ದಳು. ಸೊಂಟದ ಅಳತೆ ಕೊಡುವಾಗ ಉಸಿರು ಬಿಗಿಹಿಡಿಯುವ ಹೆಂಗಸನ್ನು ಅವಳು ಮಾಡಿ ತೋರಿಸಿದ ದಿನ ಮೇಡಂ ನಕ್ಕೂ ನಕ್ಕೂ ಚಾಕು ಕೆಳಗಿಟ್ಟಿದ್ದರು. ಇವಳು ಇಲ್ಲೇ ಇದ್ದುಬಿಡಲಿ ಎಂದು ಅವತ್ತೇ ಅವರಿಗೆ ಅನಿಸಿತು. ಗಂಡನಿಗೆ ಹೇಳಿದರು. ‘ಮತ್ತೆ? ಇಲ್ಲಲ್ಲದೆ ಇನ್ನೆಲ್ಲಿಗೆ ಹೋಗ್ತಾಳೆ?’ ಎಂದ ಗಂಡ. ಮಗಳಿಗೆ ಹೇಳಿದರು, ಅವಳು ‘ಅತ್ತೆ ಇನ್ನು ನಮ್ಮ ಮನೆಯಲ್ಲೇ’ ಎಂದು ಶಾಲೆಯಲ್ಲೆಲ್ಲ ಡಂಗುರ ಹೊಡೆದಳು. ಮೇಡಂ ಚಿಕ್ಕ ಕೋಣೆಯ ಬೀರುವಿನಿಂದ ತಮ್ಮ ಬಟ್ಟೆಯನ್ನೆಲ್ಲ ತೆಗೆದು ರಟ್ಟಿನ ಪೆಟ್ಟಿಗೆಗಳಿಗೆ ತುಂಬಿ ಊಟದ ಮೇಜಿನ ಕೆಳಗೆ ತಳ್ಳಿದರು. ಬೀರು ಪೂರ್ತಿ ಖಾಲಿಯಾಯಿತು.

ಸೂಜಿ ಅದರಲ್ಲಿ ಇಟ್ಟಿದ್ದು ಒಂದು ಟವೆಲು, ಒಂದು ಬಾಚಣಿಗೆ. ಅದೂ ಕೆಳಗಿನ ಅರೆಯ ಒಂದು ಮೂಲೆಯಲ್ಲಿ. ಉಳಿದದ್ದೆಲ್ಲ ಸೂಟ್‌ಕೇಸಿನಲ್ಲೇ. ಬೆಳಿಗ್ಗೆ ಮಂಚದ ಕೆಳಗಿನಿಂದ ಎಳೆದು ತೆಗೆಯುವುದು, ರಾತ್ರಿ ಮಡಿಸಿ ತುಂಬಿ ಮತ್ತೆ ಒಳಗೆ ತಳ್ಳುವುದು. ಮನೆಯೊಳಗೇ ಛತ್ರದಲ್ಲಿದ್ದ ಹಾಗಿದ್ದಳು. ಮೇಡಂಗೆ ಇದು ದಿನವೂ ಮುಳ್ಳಾಗಿ ಚುಚ್ಚುತ್ತಿತ್ತು.

‘ಅಷ್ಟು ಜಾಗ ಬಿಟ್ಟುಕೊಟ್ರೂ ಸೂಟ್‌ಕೇಸಲ್ಲೇ ಸಂಸಾರ ಮಾಡ್ತಾಳಲ್ರೀ,’ ಎಂದು ಗಂಡನ ಹತ್ತಿರ ಹೇಳಿಕೊಂಡರು.

ಗಂಡ ಲಿಫ್ಟ್ ರಿಪೇರಿ ಮಾಡುವವನು. ಎತ್ತರದ, ನಿಧಾನದ ಮನುಷ್ಯ. ಕೆಳಗೆ ನಿಂತದ್ದು ಯಾವತ್ತಾದರೂ ಮೇಲೆ ಬಂದೇ ಬರುತ್ತದೆ ಎಂಬ ನಂಬಿಕೆ ಅವನಿಗೆ ಕಸುಬಿನಿಂದಲೇ ಬಂದಿತ್ತು. ‘ಊರಿಗೆ ಬಂದವಳು ನೀರಿಗೆ ಬರದೆ ಇರ್ತಾಳಾ? ತಾನಾಗೇ ಬಿಚ್ಚಿಡ್ತಾಳೆ ಬಿಡು. ತನ್ನ ಮನೇಲಿ ಇರು ಅಂತ ತಂಗಿಗೆ ಯಾರಾದ್ರೂ ಬಾಯಿಬಿಟ್ಟು ಹೇಳ್ತಾರಾ?’

ಮೇಡಂಗೂ ಹೇಳಲು ಬಾಯಿ ಬಂದಿರಲಿಲ್ಲ. ಸ್ವಂತ ಕಾಲ ಮೇಲೆ ನಿಂತವಳು, ‘ಇರು’ ಎಂದರೆ ಎಲ್ಲಿ ಆಶ್ರಯ ಕೊಟ್ಟ ಹಾಗೆ ಕೇಳಿಸುತ್ತದೋ ಎಂಬ ಅಳುಕು. ಬೀರು ಖಾಲಿ ಮಾಡಿದ್ದೇವಲ್ಲ, ಅದಕ್ಕಿಂತ ಇನ್ನೇನು ಹೇಳುವುದು ಎಂದುಕೊಂಡು ಸುಮ್ಮನಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ಚಪ್ಪಲಿ ಮೆಟ್ಟುತ್ತಿದ್ದ ಮೇಡಂಗೆ ಸೂಜಿ ಹೇಳಿದಳು: ‘ಅತ್ತಿಗೆ, ಸಂಜೆ ಸ್ವಲ್ಪ ತಡ ಆಗತ್ತೆ. ಬಟನ್ ಅಂಗಡಿ ಬೀದೀಲಿ, ಮಹಡಿ ಮೇಲೆ ಒಂದು ರೂಮಿದೆಯಂತೆ. ಗೋದಾಮಲ್ಲಿ ಹೊಲಿಗೆ ಮುಗಿಸ್ಕೊಂಡು ಹೋಗಿ ನೋಡ್ತೀನಿ. ಸರಿ ಅನಿಸಿದ್ರೆ ಇವತ್ತೇ ಮಾತು ಕೊಟ್ಟುಬಿಡ್ತೀನಿ.’

ಮೇಡಂ ಏನಾದರೂ ಹೇಳಬೇಕಿತ್ತು. ‘ಆಯ್ತು, ಹುಷಾರಾಗಿ ಹೋಗಿ ಬಾ,’ ಎಂದುಬಿಟ್ಟರು. ಬಸ್ಸಿನಲ್ಲಿ ಕೂತ ಮೇಲೆ ತಮ್ಮ ನಾಲಿಗೆಯ ಮೇಲೆ ತಮಗೇ ಸಿಟ್ಟು ಬಂತು.

ಆಸ್ಪತ್ರೆಗೆ ಹೋದರೆ ಅಲ್ಲಿ ಇನ್ನೊಂದು ಕಥೆ. ಸ್ಕ್ಯಾನ್ ಚಿತ್ರಗಳ ಜಾಗ ಕುತ್ತಿಗೆಮಟ್ಟ ತುಂಬಿತ್ತು. ಆ ಚಿತ್ರಗಳನ್ನು ಕಾಯುವುದಕ್ಕೆ ಎರಡು ಯುನಿಕ್ಸ್ ಸರ್ವರುಗಳಿದ್ದವು. ಎರಡಕ್ಕೂ ಸೇರಿ ಒಂದೇ ಡಿಸ್ಕುಗಳ ಪೆಟ್ಟಿಗೆ. ಒಂದು ಕೆಲಸ ಮಾಡುತ್ತಿದ್ದರೆ ಇನ್ನೊಂದು ಪಕ್ಕದಲ್ಲಿ ಕಾದುಕೊಂಡಿರುತ್ತದೆ, ಮೊದಲನೆಯದು ಮಲಗಿದರೆ ಎರಡನೆಯದು ಎದ್ದು ನೊಗ ಹೊರುತ್ತದೆ. ಇದಕ್ಕೆ ಕ್ಲಸ್ಟರ್ ಎನ್ನುತ್ತಾರೆ. ಜೋಡೆತ್ತು ಎಂದರೂ ಅಡ್ಡಿಯಿಲ್ಲ, ಆದರೆ ಉಳುವುದು ಒಂದು ಸಲಕ್ಕೆ ಒಂದೇ.

ಜಾಗ ಹಿಗ್ಗಿಸುವುದು ಮೇಡಂಗೆ ನೀರು ಕುಡಿದಷ್ಟು ಸುಲಭ. ಮೊದಲು ಹೊಸ ಡಿಸ್ಕು ಸೇರಿಸಿ ಹೊರಗಿನ ಆವರಣವನ್ನು, ಅಂದರೆ ವಾಲ್ಯೂಮನ್ನು, ದೊಡ್ಡದು ಮಾಡಬೇಕು. ಆಮೇಲೆ ಒಳಗಿನ, ಚಿತ್ರಗಳನ್ನು ಜೋಡಿಸಿಡುವ ಫೈಲ್ ಸಿಸ್ಟಮ್ಮನ್ನು ಅಲ್ಲಿಯವರೆಗೆ ಹಿಗ್ಗಿಸಬೇಕು. ಕುಗ್ಗಿಸುವಾಗ ಇದೇ ತಿರುಗುಮುರುಗು: ಮೊದಲು ಒಳಗಿನದು, ಆಮೇಲೆ ಹೊರಗಿನದು. ಕ್ರಮ ತಪ್ಪಿದರೆ ಒಳಗಿನ ಚಿತ್ರಗಳಿಗೇ ಕತ್ತರಿ. ಮೇಡಂ ಕ್ರಮ ತಪ್ಪಲಿಲ್ಲ. ಮೊದಲನೇ ಯಂತ್ರದಲ್ಲಿ ಕೂತು ಟಕಟಕ ಆದೇಶ ಕೊಟ್ಟರು, ಜಾಗ ಬೆಳೆಯಿತು, ಯಾರ ಕೆಲಸವೂ ಒಂದು ಕ್ಷಣ ನಿಲ್ಲಲಿಲ್ಲ. ಸ್ಕ್ಯಾನ್ ವಿಭಾಗದ ಯಜಮಾನರಿಗೆ ಫೋನು ಮಾಡಿ, ‘ಇನ್ನು ಒಂದು ವರ್ಷ ನನ್ನ ತಂಟೆಗೆ ಬರಬೇಡಿ,’ ಎಂದರು.

‘ನಿಮ್ಮ ಹೊಟ್ಟೆ ತಣ್ಣಗಿರಲಿ ಮೇಡಂ,’ ಎಂದರು ಯಜಮಾನರು.

ಆದರೆ ಕೈ ಕೆಲಸ ಮಾಡುತ್ತಿದ್ದಾಗ ಮನಸ್ಸು ಬಟನ್ ಅಂಗಡಿ ಬೀದಿಯಲ್ಲಿತ್ತು. ಮಹಡಿ ಮೇಲಿನ ಆ ರೂಮಿಗೆ ಕಿಟಕಿ ಇದೆಯೋ ಇಲ್ಲವೋ, ಒಬ್ಬಳೇ ಕೂತು ಊಟ ಮಾಡುತ್ತಾಳಲ್ಲ, ಆ ಉಸಿರು ಬಿಗಿಹಿಡಿಯುವ ಹೆಂಗಸನ್ನು ಯಾರಿಗೆ ಮಾಡಿ ತೋರಿಸುತ್ತಾಳೆ. ಇಂಥ ಯೋಚನೆಯಲ್ಲಿ ಏನು ಬಿಟ್ಟುಹೋಯಿತೆಂದು ಗೊತ್ತಾದದ್ದು ಮಧ್ಯಾಹ್ನ.

ಮಧ್ಯಾಹ್ನ ಮೊದಲನೇ ಯಂತ್ರದ ಫ್ಯಾನು ಬದಲಾಯಿಸುವುದಿತ್ತು. ಅದಕ್ಕಾಗಿ ಕೆಲಸವನ್ನು ಎರಡನೆಯದಕ್ಕೆ ದಾಟಿಸಿದರು. ಮೊದಲನೆಯದು ಶಿಸ್ತಾಗಿ ಎಲ್ಲವನ್ನೂ ಬಿಟ್ಟುಕೊಟ್ಟಿತು. ಎರಡನೆಯದು ಮಾತ್ರ ಮುಟ್ಟಲಿಲ್ಲ. ‘ಈ ಡಿಸ್ಕು ನನಗೆ ಗೊತ್ತಿಲ್ಲ, ನನಗೆ ಗೊತ್ತಿರುವ ಅಳತೆ ಇದಲ್ಲ’ ಎಂಬರ್ಥದ ಸಾಲನ್ನು ಪರದೆಯ ಮೇಲೆ ಬರೆದು ಮುಖ ತಿರುಗಿಸಿ ಕೂತಿತು. ಫೋನು ಬಡಿದುಕೊಂಡಿತು.

‘ಮೇಡಂ, ಒಂದು ಚಿತ್ರಾನೂ ಕಾಣ್ತಿಲ್ಲ,’ ಎಂದರು ಯಜಮಾನರು. ‘ಬೆಳಿಗ್ಗೆ ತಾನೆ ಜಾಗ ಕೊಟ್ರಿ. ದೇವರು ವರ ಕೊಟ್ರೂ ಪೂಜಾರಿ ಕೊಡ್ತಿಲ್ಲ ಅಂದ್ರೆ ಹೇಗೆ?’

‘ಹೊಸ ಸ್ಕ್ಯಾನುಗಳು?’

‘ಅವು ಮಿಷನ್‌ಗಳಲ್ಲೇ ಇವೆ, ಏನೂ ಹೋಗಿಲ್ಲ. ಡಾಕ್ಟರು ಕಾಯ್ತಿದ್ದಾರೆ ಅಷ್ಟೆ.’

‘ಒಂದು ಟೀ ಕುಡಿದು ಬನ್ನಿ ಅಂತ ಹೇಳಿ. ಅಷ್ಟರಲ್ಲಿ ಸರಿ ಮಾಡ್ತೀನಿ.’

ಆ ಸಾಲನ್ನು ಇನ್ನೊಂದು ಸಲ ಓದಿ ಮೇಡಂ ನಾಲಿಗೆ ಕಚ್ಚಿಕೊಂಡರು. ಜೋಡಿ ಯಂತ್ರಗಳಿಗೆ ಜಾಗ ಹಿಗ್ಗಿಸಲು ಕ್ಲಸ್ಟರಿನದೇ ಒಂದು ದಾರಿ ಇದೆ; ಉದ್ದ ದಾರಿ, ನೂರೆಂಟು ಪ್ರಶ್ನೆ ಕೇಳುತ್ತದೆ, ಆದರೆ ಆದ ಬದಲಾವಣೆಯನ್ನು ಎರಡಕ್ಕೂ ಹೇಳುತ್ತದೆ. ಮೇಡಂ ಬೆಳಿಗ್ಗೆ ಆ ದಾರಿ ಬಿಟ್ಟು ಮೊದಲನೆಯದರಲ್ಲೇ ಕೈಯಾರೆ ಮುಗಿಸಿದ್ದರು. ಡಿಸ್ಕು ಸೇರಿತ್ತು, ಆವರಣ ಬೆಳೆದಿತ್ತು, ಒಳಗಿನದೂ ಹಿಗ್ಗಿತ್ತು. ಎರಡನೆಯದಕ್ಕೆ ಮಾತ್ರ ಯಾರೂ ಹೇಳಿರಲಿಲ್ಲ. ಅದು ಪಾಪ, ತನಗೆ ತಿಳಿದ ಹಳೆಯ ಅಳತೆಯನ್ನೇ ನಂಬಿಕೊಂಡು ಕೂತಿತ್ತು.

ಮಾಡಬೇಕಾದದ್ದು ಬಹಳವಿರಲಿಲ್ಲ. ‘ಡಿಸ್ಕುಗಳನ್ನು ಮತ್ತೊಮ್ಮೆ ಓದಿಕೋ, ಹೊಸ ಅಳತೆ ಕಲಿತುಕೋ’ ಎಂದು ಎರಡನೆಯದಕ್ಕೆ ಹೇಳಿದರು. ಅದು ಓದಿತು, ಕಲಿಯಿತು, ತಕರಾರಿಲ್ಲದೆ ಕೆಲಸ ಹೊತ್ತುಕೊಂಡಿತು. ಡಾಕ್ಟರ ಟೀ ಮುಗಿಯುವ ಮೊದಲೇ ಚಿತ್ರಗಳು ಬಂದವು.

ಪಕ್ಕದ ಮೇಜಿನ ನೆಟ್‌ವರ್ಕ್‌ನವನು ಬಗ್ಗಿ ನೋಡಿದ. ‘ಇಷ್ಟೇನಾ? ನಾನೇನೋ ಮುಳುಗಿಹೋಯ್ತು ಅಂದ್ಕೊಂಡೆ.’

‘ಇಷ್ಟೇ,’ ಎಂದರು ಮೇಡಂ. ‘ಜಾಗ ಇತ್ತು. ಇದೆ ಅಂತ ಅದಕ್ಕೆ ಯಾರೂ ಹೇಳಿರ್ಲಿಲ್ಲ.’

ಹೇಳಿದ ಮೇಲೆ ತಮ್ಮ ಮಾತೇ ತಮಗೆ ತಿರುಗಿ ಕೇಳಿಸಿತು. ಗಂಡನಿಗೆ ಗೊತ್ತು, ಮಗಳಿಗೆ ಗೊತ್ತು, ಮಗಳ ಶಾಲೆಗೆಲ್ಲ ಗೊತ್ತು. ಕೆಳಗಿನ ಮನೆಯವರು ಮೊನ್ನೆ ತಾನೇ ‘ನಾದಿನಿ ಇನ್ನು ನಿಮ್ಮ ಜೊತೇನೇ ಅಂತೆ, ಒಳ್ಳೇದಾಯ್ತು’ ಅಂದಿದ್ದರು. ಸೂಜಿಗೆ? ನೆನಪು ಮಾಡಿಕೊಂಡರು, ಹಿಂದೆ ಮುಂದೆ ಎಲ್ಲ ತಡಕಾಡಿದರು. ಊರಿಗೆಲ್ಲ ಸಾರಿಯಾಗಿತ್ತು, ಇರಬೇಕಾದವಳಿಗೆ ಮಾತ್ರ ಇರು ಎಂದು ಒಬ್ಬರೂ ಹೇಳಿರಲಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಎನ್ನುತ್ತಾರೆ. ಹಾಸಿಗೆ ಉದ್ದ ಮಾಡಿದ್ದು ಮಲಗಿದವಳಿಗೆ ಗೊತ್ತಾಗಬೇಡವೇ?

ಫ್ಯಾನು ಬದಲಾಯಿಸುವವರೆಗೆ ಚಡಪಡಿಸುತ್ತ ಕೂತು, ಕೆಲಸವನ್ನು ಮೊದಲನೆಯದಕ್ಕೆ ಮರಳಿಸಿ, ಮೇಡಂ ಸಂಜೆ ಮನೆಯ ಬಸ್ಸು ಬಿಟ್ಟು ಬಟನ್ ಅಂಗಡಿ ಬೀದಿಯ ಬಸ್ಸು ಹತ್ತಿದರು.

ಬೀದಿ ಇಕ್ಕಟ್ಟು. ಗಾಜಿನ ಭರಣಿಗಳಲ್ಲಿ ಬಣ್ಣಬಣ್ಣದ ಗುಂಡಿ ತುಂಬಿಟ್ಟ ಅಂಗಡಿಯ ಪಕ್ಕದಲ್ಲಿ ಒಂದು ಕಿರಿದಾದ ಮೆಟ್ಟಿಲು. ಅರ್ಧ ಹತ್ತುವಷ್ಟರಲ್ಲಿ ಮೇಲಿನಿಂದ ಸೂಜಿಯ ದನಿ ಕೇಳಿಸಿತು. ಅವಳು ತಿರುವಿನಲ್ಲಿ ನಿಂತು ಅಳತೆ ಟೇಪಿನಿಂದ ಮೆಟ್ಟಿಲಿನ ಅಗಲ ನೋಡುತ್ತಿದ್ದಳು. ಮನೆಯೊಡತಿ ಬೀಗದ ಕೈ ಹಿಡಿದು ಮೇಲೆ ನಿಂತಿದ್ದರು.

‘ಅತ್ತಿಗೆ! ನೀವ್ಯಾಕೆ ಇಲ್ಲಿಗೆ ಬಂದ್ರಿ?’

‘ಮಾತು ಕೊಟ್ಟೆಯಾ?’

‘ಇನ್ನೂ ಇಲ್ಲ. ಮಿಷನ್ ಈ ತಿರುವಲ್ಲಿ ಹಿಡಿಸತ್ತಾ ಅಂತ ನೋಡ್ತಿದ್ದೆ.’

ಮೇಡಂ ಏದುಸಿರು ಬಿಡುತ್ತಲೇ ಹೇಳಿದರು: ‘ನಿಂಗೆ ಒಂದು ಮಾತು ಹೇಳಬೇಕಿತ್ತು, ಹೇಳಿರ್ಲಿಲ್ಲ. ನೀನು ನಮ್ಮನೇಲೇ ಇರು. ಸ್ವಲ್ಪ ದಿನ ಅಲ್ಲ, ಯಾವಾಗ್ಲೂ. ನಿಂಗೆ ಗತಿ ಇಲ್ಲ ಅಂತ ಅಲ್ಲ ಕಣೇ. ನೀನಿಲ್ಲದಿದ್ರೆ ನಂಗೆ ಬೇಜಾರು, ಅದಕ್ಕೆ.’

ಸೂಜಿ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತಳು.

‘ಅಣ್ಣಂಗೆ ಗೊತ್ತಾ?’ ಎಂದಳು ಕೊನೆಗೆ.

‘ನಿಮ್ಮಣ್ಣಂಗೆ ಗೊತ್ತು, ಕೆಳಗಿನ ಮನೆಯವ್ರಿಗೂ ಗೊತ್ತು. ನಿಂಗೊಬ್ಬಳಿಗೇ ಗೊತ್ತಿಲ್ಲ. ಬೀರು ಪೂರ್ತಿ ಖಾಲಿ ಮಾಡಿದ್ನಲ್ಲ, ಅರ್ಥ ಆಗತ್ತೆ ಅಂದ್ಕೊಂಡೆ.’

‘ಆ ಬೀರು ನೋಡೇ ಅತ್ತಿಗೆ ನಾನು ರೂಮು ಹುಡುಕೋಕೆ ಶುರು ಮಾಡಿದ್ದು,’ ಎಂದಳು ಸೂಜಿ. ‘ನಿಮ್ಮ ಬಟ್ಟೆ ಎಲ್ಲ ಮೇಜಿನ ಕೆಳಗೆ ರಟ್ಟಿನ ಪೆಟ್ಟಿಗೇಲಿ. ಊಟಕ್ಕೆ ಕೂತಾಗೆಲ್ಲ ನನ್ನ ಕಾಲಿಗೆ ತಾಗೋದು. ನಾನು ಬೇಗ ಜಾಗ ಬಿಟ್ರೆ ಇವ್ರ ಬಟ್ಟೆ ಬೀರೂಗೆ ಹೋಗತ್ತೆ ಅಂತ ದಿನಾ ಅನ್ನಿಸೋದು.’

ಮೇಡಂಗೆ ನಗು ಬಂತು, ಅದರ ಹಿಂದೆಯೇ ಕಣ್ಣೂ ತುಂಬಿತು. ಕಣ್ಣು ಒರೆಸಿಕೊಂಡು ‘ನನ್ನ ಬಟ್ಟೆಗೆ ನಿಮ್ಮಣ್ಣನ ಬೀರು ಇದೆ. ಅವರ ಹಳೇ ಪ್ಯಾಂಟುಗಳಿಗೆ ಒಂದು ಗತಿ ಕಾಣಿಸಬೇಕು ಅಂತ ನಂಗೂ ಎಷ್ಟೋ ವರ್ಷದ ಆಸೆ,’ ಎಂದರು.

‘ಮಿಷನ್?’

‘ಕಿಟಕಿ ಪಕ್ಕ. ಊಟದ ಮೇಜು ಗೋಡೆಗೆ ಸರಿಸಿದ್ರಾಯ್ತು.’

ಮೇಲಿದ್ದ ಮನೆಯೊಡತಿ ಬೀಗದ ಕೈಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡರು. ‘ಹೋಗಮ್ಮ, ಹೋಗು. ಈ ರೂಮಿಗೆ ಯಾರಾದ್ರೂ ಬಂದೇ ಬರ್ತಾರೆ. ಮೆಟ್ಟಿಲು ಹತ್ತಿ ಕರೆಯೋಕೆ ಬರೋ ಅತ್ತಿಗೆ ಎಲ್ಲರಿಗೂ ಸಿಗಲ್ಲ,’ ಎಂದರು.

ಅವತ್ತು ಸೂಜಿ ಸೂಟ್‌ಕೇಸನ್ನು ಮಂಚದ ಮೇಲಿಟ್ಟು ಪೂರ್ತಿ ಬಿಚ್ಚಿದಳು. ಎಷ್ಟು ಬಟ್ಟೆ ಇತ್ತೆಂದು ಅವಳಿಗೇ ಆಶ್ಚರ್ಯ. ಬೀರುವಿನ ಅರೆಗಳೆಲ್ಲ ತುಂಬಿದವು, ದಾರದ ಉಂಡೆಗಳಿಗೆ ಮೇಲಿನ ಅರೆಯೂ ಬೇಕಾಯಿತು. ಅಣ್ಣ ಬಾಗಿಲಲ್ಲಿ ನಿಂತು, ‘ನಾನು ಹೇಳಿರ್ಲಿಲ್ವಾ, ತಾನಾಗೇ ಬಿಚ್ಚಿಡ್ತಾಳೆ ಅಂತ,’ ಎಂದ. ಹೆಂಡತಿ ನೋಡಿದ ನೋಟಕ್ಕೆ ಮುಂದಿನ ಮಾತು ನುಂಗಿಕೊಂಡ.

ಸೂಜಿ ಖಾಲಿ ಸೂಟ್‌ಕೇಸನ್ನು ಅವನ ಕೈಗೆ ಕೊಟ್ಟಳು. ಅವನು ಎತ್ತಿ ಬೀರುವಿನ ಮೇಲಿಟ್ಟ. ಸೂಜಿ ಕೆಳಗೆ ನಿಂತು, ತುದಿಗಾಲಲ್ಲಿ ಕೈ ಚಾಚಿ ನೋಡಿದಳು. ಬೆರಳು ಹಿಡಿಕೆಗೆ ತಾಗಿತು.

‘ಇನ್ನೂ ಸ್ವಲ್ಪ ಹಿಂದಕ್ಕೆ ತಳ್ಳೋ ಅಣ್ಣ,’ ಎಂದಳು. ‘ನನ್ನ ಕೈಗೆ ಸಿಗಬಾರ್ದು.’