ಮುಟ್ಟಬೇಡಿ ಅಂದವನು

ಫ್ಯಾನು ತಿರುಗ್ತಿದೆಯೋ ಛಾವಣಿಯೇ ತಿರುಗ್ತಿದೆಯೋ, ಕಣ್ಣುಪಟ್ಟಿ ಕಟ್ಟಿಕೊಂಡವನಿಗೆ ಫ್ಯಾನು ಹೇಗೆ ಕಾಣುತ್ತೆ, ಕಾಣ್ತಿದೆಯಲ್ಲ, ನೀಲಿ ಫ್ಯಾನು, ರೆಕ್ಕೆಯಿಂದ ನೀರು ತೊಟ್ಟಿಕ್ಕುತ್ತಿದೆ, ಅಯ್ಯೋ ಶುರುವಾಯ್ತು — ಇನ್ನೂ ಎಷ್ಟು ಹೊತ್ತು, ಸಂಜೆವರೆಗೂ ಆಗ್ಬಹುದು ಅಂದಿದ್ದಾಳೆ ಇನೆಸ್, ಇಲ್ಲೇ ಪಕ್ಕದಲ್ಲಿ ನೆಲದ ಮೇಲೆ ಕೂತಿದ್ದಾಳೆ, ಅಮಲೇರಿಸೋ ಅಣಬೆ ಕುಡಿದವರ ಜೊತೆ ಕೂರೋದಕ್ಕೂ ಸರ್ಕಾರದ ಲೈಸೆನ್ಸು, ಏನ್ ಕಾಲ ಬಂತಪ್ಪ, ಇದೇ ಅಣಬೆ ಜೇಬಲ್ಲಿತ್ತು ಅಂತ ನಮ್ಮ ದೋಣಿಯ ಡೆಲ್ಬರ್ಟ್‌ಗೆ ಕೋಳ ಹಾಕಿ ಎಳ್ಕೊಂಡು ಹೋಗಿದ್ರು, ಅವನಮ್ಮ ಬಂದರಲ್ಲಿ ನಿಂತು ಎಲ್ಲರೆದುರಿಗೆ ಅತ್ತಿದ್ಲು, ಈಗ ಅದನ್ನೇ ಪುಡಿ ಮಾಡಿ, ನಿಂಬೆರಸ ಹಿಂಡಿ, ಬಿಸಿನೀರಲ್ಲಿ ಕದಡಿ ಕೊಟ್ಟು, ಮೇಲೊಂದು ಕಂಬಳಿ ಹೊದಿಸ್ತಾರೆ, ಒರೆಗಾನ್ ರಾಜ್ಯದ ಜನ ಮತ ಹಾಕಿ ತಂದ ಕಾನೂನು, ನಮ್ಮೂರಿನೋರು ಮಾತ್ರ ನಮ್ಮಲ್ಲಿ ಬೇಡ ಅಂದ್ರು, ಬೀದಿಗೊಂದು ಬಾರು ಬೇಕು ಇದು ಬೇಡ, ಅದಕ್ಕೇ ಕುಡಿತ ಬಿಡೋಕೆ ಪೋರ್ಟ್‌ಲ್ಯಾಂಡಿಗೆ ಬರಬೇಕಾಯ್ತು, ಮಗಳು ಬ್ರಿಟಾ ಕರ್ಕೊಂಡು ಬಂದ್ಲು, ದಾರಿಯುದ್ದಕ್ಕೂ ಒಂದೇ ಮಾತು, ಅಪ್ಪಾ ಇದೇ ಕೊನೆ, ಇದಾದ ಮೇಲೂ ಕುಡಿದ್ರೆ ಮಗೂನ ನಿನ್ನ ಮನೆ ಹೊಸಿಲು ತುಳಿಸಲ್ಲ, ಕೂಗಾಡಿದ್ರೆ ಪರವಾಗಿರ್ತಿರಲಿಲ್ಲ, ಮೆತ್ತಗೆ ಹೇಳಿದ್ಲು, ಆಗ್ಲೇ ನಂಗೆ ಹೆದರಿಕೆ ಹತ್ತಿದ್ದು.

ತಣ್ಣಗಾಗ್ತಿದೆ, ಬೆರಳು, ಪಾದ, ಮೊಣಕಾಲು, ನೀರು ಏರ್ತಿದೆ, ನೀರಲ್ಲ ಕಣೋ ರಾಯ್, ಇದು ಹಾಸಿಗೆ, ಇದು ಊರಿನ ಮಧ್ಯದ ಒಂದು ಕೋಣೆ, ಹಾಗಾದ್ರೆ ಈ ಉಪ್ಪಿನ ವಾಸನೆ ಎಲ್ಲಿಂದ, ಡೀಸೆಲ್ ವಾಸನೆ, ಆರ್ವೋ ಶಿಳ್ಳೆ ಹಾಕ್ತಿದ್ದಾನೆ, ದೋಣಿ ಮೇಲೆ ಶಿಳ್ಳೆ ಹಾಕ್ಬೇಡ ಅಂತ ಎಷ್ಟು ಸಲ ಬೈದಿದ್ದೆ, ಗಾಳಿ ಕರೆದ ಹಾಗಾಗುತ್ತೆ ಕಣೋ, ಹೋಗೋ ಅಜ್ಜಿ ಅಂತ ನಗ್ತಾನೆ ನನ್ನ ತಮ್ಮ, ನದಿ ಸಮುದ್ರಕ್ಕೆ ಬೀಳೋ ಜಾಗ, ಏಡಿ ಬೋನುಗಳ ರಾಶಿ ಜಾರ್ತಿದೆ, ಅಲೆ ಗೋಡೆ ಗೋಡೆಯಾಗಿ ಬಂತು, ಅವನು ಕಂಬಿ ಆಚೆ, ನೀರಲ್ಲಿ, ನಾನು ಕಂಬಿ ಮೇಲೆ ಹೊಟ್ಟೆ ಒತ್ತಿ ಬಗ್ಗಿದೀನಿ, ಕೈ ಸಿಕ್ತು, ಹಿಡ್ಕೊಂಡೆ, ಬಲವಾಗಿ ಹಿಡ್ಕೊಂಡಿದ್ದೆ, ಕ್ಯಾಪ್ಟನ್ ಲೈಲ್ ಕೂಡ ನೋಡಿದಾನೆ, ಎಳೆದೆ, ಬಂತು, ಹಗುರವಾಗಿ ಬಂತು, ಬರೀ ಕಿತ್ತಳೆ ಬಣ್ಣದ ರಬ್ಬರ್ ಗ್ಲೌಸು, ಆರ್ವೋ ಇಲ್ಲ, ಐದು ಬೆರಳಲ್ಲೂ ನೀರು ತುಂಬ್ಕೊಂಡು ಕೈ ಥರಾನೇ ಉಬ್ಬಿತ್ತು — ಬೇಡ, ಇದು ಬೇಡ, ಇದನ್ನ ಕಾಣ್ಬಾರದು ಅಂತಲೇ ತಾನೇ ಇಷ್ಟು ವರ್ಷ ಕುಡಿದಿದ್ದು, ಒಂದೇ ಒಂದು ಗುಟುಕು, ಗಂಟಲು ಸುಟ್ಕೊಂಡು ಇಳಿದ್ರೆ ನೀರೂ ಇಳಿಯುತ್ತೆ, ಬರ್ತಾ ನೋಡಿದೀನಿ, ರಸ್ತೆ ದಾಟಿದ್ರೆ ಬಾರು, ಏಳು, ಬೂಟು ಎಲ್ಲಿ, ಇನೆಸ್ ನಾನು ಹೋಗ್ಬೇಕು, ರಾಯ್ ಈಗ ಹೊರಗೆ ಕಳಿಸೋ ಹಾಗಿಲ್ಲ, ಅಮಲು ಇಳಿಯೋವರೆಗೂ ಇಲ್ಲೇ ಇರ್ಬೇಕು, ನಿಮಗೆ ಹೇಳಿದ್ನಲ್ಲ, ಹೇಳಿದ್ಲು, ಎಲ್ಲಾ ಹೇಳಿದ್ಲು ಪುಣ್ಯಾತ್ಗಿತ್ತಿ, ಬಾಗಿಲು ತಳ್ಳಿದ್ರೆ ತೆರೆಯುತ್ತೆ, ಗೊತ್ತು, ಆಚೆ ಬೆಂಚಿನ ಮೇಲೆ ಬ್ರಿಟಾ ಕೂತಿದ್ದಾಳೆ, ಅವಳ ಮುಂದೇನೇ ಹಾದು ಬಾರಿಗೆ ಹೋಗ್ಬೇಕು.

ಎದೆ ಮಟ್ಟಕ್ಕೆ ಬಂತು, ಉಸಿರು ಸಿಗ್ತಿಲ್ಲ, ಸಾಯ್ತೀನಿ, ಕೈ ಹಿಡ್ಕೋ ಇನೆಸ್, ನಿನ್ ದಮ್ಮಯ್ಯ, ಕೈ ಹಿಡ್ಕೋ ತಾಯೀ — ರಾಯ್, ಹಿಡಿಯೋ ಹಾಗಿಲ್ಲ, ಅಂತಾಳೆ, ಹೋದ ವಾರ ಮಾತಾಡಿದಾಗ ಕೇಳಿದ್ದೆ, ಕೈ ಹಿಡೀಬಹುದಾ, ಭುಜ ಮುಟ್ಟಬಹುದಾ, ಎರಡೂ ಬೇಡ ಅಂದ್ರಿ, ಬೇಕು ಅಂದವರು ನಡುವೆ ಬೇಡ ಅನ್ನಬಹುದು, ಬೇಡ ಅಂದವರು ಅಣಬೆ ಕುಡಿದ ಮೇಲೆ ಬೇಕು ಅಂದ್ರೆ ನಾನು ಕೇಳೋ ಹಾಗಿಲ್ಲ, ಹೌದು, ಬೇಡ ಅಂದಿದ್ದೆ, ಎದೆ ಉಬ್ಬಿಸ್ಕೊಂಡು ಅಂದಿದ್ದೆ, ಲೈಲ್ ಬಂದರಲ್ಲಿ ಎಲ್ಲರನ್ನೂ ನಗಿಸಿದ್ನಲ್ಲ, ಏನಯ್ಯಾ ರಾಯ್ ಕೋಸ್ಕೆಲಾ, ಹುಡುಗಿ ಕೈ ಹಿಡ್ಕೊಂಡು ಜೋಗುಳ ಹಾಡ್ತಾಳಂತೆ, ಹಾಲಿನ ಬಾಟ್ಲಿ ಅವರೇ ಕೊಡ್ತಾರೋ ನೀನೇ ತಗೊಂಡು ಹೋಗ್ಬೇಕೋ, ಆ ಮಾತಿಗೆ ಬೇಡ ಅಂದೆ, ಸುಳ್ಳು, ಲೈಲ್‌ಗೆ ಯಾವನು ಹೆದರ್ತಾನೆ, ನಂಗೆ ಕೈಗೆ ಹೆದರಿಕೆ, ಹಿಡಿದ ಕೈ ಹಗುರವಾಗಿ ಬಂದ್ಬಿಟ್ರೆ, ಅದಕ್ಕೆ ಹೆದರಿಕೆ, ಮೊಮ್ಮಗೂನ ರಸ್ತೆ ದಾಟಿಸುವಾಗ್ಲೂ ಅಂಗಿ ಹಿಂಭಾಗ ಹಿಡ್ಕೋತೀನಿ, ಅದು ತಿರುಗಿ ತಿರುಗಿ ನೋಡುತ್ತೆ, ತಾತ ಯಾಕೆ ಕೈ ಕೊಡಲ್ಲ ಅಂತ.

ಕಣ್ಣುಪಟ್ಟಿ ಕಿತ್ತು ಬಿಸಾಕಿದೆ, ಬೆಳಕು, ಗೋಡೆ ಉಸಿರಾಡ್ತಿದೆ, ನೀರು ಗಂಟಲಿಗೆ ಬಂದಿದೆ, ಇನೆಸ್ ಮೊಣಕಾಲೂರಿ ಹತ್ತಿರ ಬಂದಿದ್ದಾಳೆ, ಅವಳ ಮುಖಾನೂ ಬೆಳ್ಳಗಾಗಿದೆ, ನಾನು ಮುಟ್ಟಲ್ಲ ರಾಯ್, ಆದ್ರೆ ಇಲ್ಲಿಡ್ತೀನಿ ನೋಡಿ, ಹಾಸಿಗೆ ಅಂಚಲ್ಲಿ ಕೈ ಇಟ್ಟಳು, ಅಂಗೈ ಮೇಲೆ ಮಾಡಿ, ನನ್ನ ಬೆರಳಿಂದ ಒಂದು ಗೇಣು ಆಚೆ, ಎಲ್ಲಿಗೂ ಹೋಗಲ್ಲ, ನೋಡ್ತಾ ಇರಿ, ನೋಡ್ತಿದೀನಿ, ಉಗುರು ಕಚ್ಚಿದ ಬೆರಳು, ಈಗ ಕಿತ್ತಳೆ ಆಗುತ್ತೆ, ಈಗ ಉಬ್ಬುತ್ತೆ, ರೆಪ್ಪೆ ಹೊಡೆದ್ರೆ ಗ್ಲೌಸು, ಹೊಡೆಯಲ್ಲ, ಕಣ್ಣು ಉರೀತಿದೆ, ಹೊಡೆಯಲ್ಲ, ಹೊಡೆದ್ಬಿಟ್ಟೆ — ಇದೆ, ಕೈ, ಗ್ಲೌಸಲ್ಲ, ಕೈ, ಮತ್ತೆ ರೆಪ್ಪೆ, ಇದೆ, ಚರ್ಮ ಇದೆ, ನರ ಇದೆ, ಬರಿಗೈ, ಇನ್ನೊಂದ್ಸಲ, ಹೆದರಿಕೆ, ಇನ್ನೊಂದ್ಸಲ, ಬರಿಗೈ, ಬರಿಗೈ