ಸಾಹುಕಾರ್ತಿಯ ಕೆಂಪು ಪಾತ್ರೆ

"ಕೈ ತೆಗೀ! ಪಾತ್ರಿ ಮ್ಯಾಲಿಂದ ಕೈ ತೆಗೀ, ಹಲ್ಕಟ್ ರಂಡೆ!"

ಶಂಕ್ರಮ್ಮ ಕೈ ಹಿಂದಕ್ಕೆಳೆದುಕೊಂಡಳು. ಖೂಬಾ ಪ್ಲಾಟ್ ಬಡಾವಣೆಯ ಈ ಅಡುಗೆಮನೆಗೆ ಅವಳು ತಾನಾಗಿ ಬಂದವಳಲ್ಲ. ಸಾಹುಕಾರನ ಗೃಹಪ್ರವೇಶಕ್ಕೆ ಮುಸುರೆ ತಿಕ್ಕಲೆಂದು ಕಮಲಾಪುರದ ಅವನ ಪಾತ್ರೆ ಕಾರ್ಖಾನೆಯಿಂದ ಹೆಂಗಸರನ್ನು ಟೆಂಪೋದಲ್ಲಿ ತುಂಬಿ ತಂದಿದ್ದರು. ಒಲೆಯಿಂದ ಜಾರುತ್ತಿದ್ದ ಹುಗ್ಗಿಯ ಕೆಂಪು ಪಾತ್ರೆಯನ್ನು ಹಿಡಿದಳು, ಅಷ್ಟೆ.

"ಬೀಳಾಕತ್ತಿತ್ರೀ ಅವ್ವಾರ."

"ಬೀಳ್ಲಿ! ನೀ ಮುಟ್ಟಿದ ಹುಗ್ಗಿ ಅಯ್ಯಗೋಳಿಗೆ ಉಣಸ್ಲೇನು?" ಸಾಹುಕಾರ್ತಿ ವಿದ್ಯಾವತಿ ಕಿರುಚಿದಳು.

ಪೂಜೆಗೆ ಬಂದು ಬಾಗಿಲಲ್ಲಿ ನಿಂತಿದ್ದ ಅಯ್ಯ ಸಮಾಧಾನ ಹೇಳಿದ. "ಹುಗ್ಗಿ ಚೆಲ್ರಿ ತಾಯಿ. ಪಾತ್ರಿ ತುಟ್ಟೀದದ. ಗೋಮೂತ್ರ ಹಾಕಿ ತೊಳದ್ರ ನಡೀತದ."

ಶಂಕ್ರಮ್ಮನ ಅಂಗೈಯಲ್ಲಿ ಬೊಬ್ಬೆ ಎದ್ದಿತ್ತು. ಅದನ್ನು ಯಾರೂ ಕೇಳಲಿಲ್ಲ. ಕಾರ್ಖಾನೆಯಲ್ಲಿ ಅದೇ ಪಾತ್ರೆಯ ಹೊಟ್ಟೆಯೊಳಗೆ ತೋಳು ತೂರಿಸಿ, ಅಂಟಿದ ಎರಕದ ಮರಳು ಕೆರೆದ ಕೈ ಅದು.

ಮರುದಿನ ಕಾರ್ಖಾನೆಯಲ್ಲಿ ಬೀಡು ಕಬ್ಬಿಣದ ಪಾತ್ರೆಗಳು ಕೆರೆದು ಸ್ವಚ್ಛವಾಗಿ ಸಾಲಾಗಿ ಬಂದವು. ಗಾಜಿನ ಪುಡಿ ಕಲಸಿದ ಗಂಜಿಯನ್ನು ಮೈಮೇಲೆ ಸಿಂಪಡಿಸಿ ಭಟ್ಟಿಗೆ ಹಾಕಿದರೆ, ಗಾಜು ಕರಗಿ ಕಬ್ಬಿಣಕ್ಕೆ ಕೆಂಪು ಹೊಳಪು ಕೂರುತ್ತದೆ. ಗಂಜಿ ಸಿಂಪಡಿಸುವ ಮುಂಚೆ ಬರಿಗೈ ತಾಗಿದರೆ ಕೆಟ್ಟಿತು. ಜಿಡ್ಡು ಹತ್ತಿದಲ್ಲೆಲ್ಲ ಗಾಜು ಬೊಬ್ಬೆ ಏಳುತ್ತದೆ.

"ಸಾವಕಾರ್ರು ಬೀಗರಿಗೆ ಕೊಡೋ ಪಾತ್ರಿ ಇವು," ಮೇಸ್ತ್ರಿ ಸೂಗಪ್ಪ ಗದರಿದ. "ಗ್ಲೌಸ್ ಬಿಚ್ಚಿದ್ರ ಒದ್ದು ಹೊರಗ ಹಾಕ್ತೀನಿ, ಲೌಡಿಗೋಳ್ಯಾ!"

ಅವನು ಆಚೆ ಹೋದ ಮೇಲೆ ಪಕ್ಕದ ಮುಸ್ಕಾನ್ ನಕ್ಕಳು. "ಅಲ್ಲೂ ಮುಟ್ಟಬ್ಯಾಡ, ಇಲ್ಲೂ ಮುಟ್ಟಬ್ಯಾಡ. ಮೌಸಿ, ನಾಳಿಂದ ಕೈ ಮನ್ಯಾಗ ಇಟ್ಟು ಬರೋಣೇನು?"

ಶಂಕ್ರಮ್ಮ ನಗಲಿಲ್ಲ. ಬುತ್ತಿ ಬಿಚ್ಚಿದಳು. ಶೇಂಗಾ ಹಿಂಡಿಯ ಮೇಲೆ ಕುಸುಬಿ ಎಣ್ಣೆ ನಿಂತಿತ್ತು. ಗ್ಲೌಸ್ ಕಿತ್ತೆಸೆದು, ಸುಟ್ಟ ಅಂಗೈಯನ್ನು ಎಣ್ಣೆಯಲ್ಲಿ ಅದ್ದಿ, ಮೊದಲ ಪಾತ್ರೆಯ ಮೈಗೆ ಒತ್ತಿದಳು. ನೋವಿಗೆ ಕಣ್ಣಲ್ಲಿ ನೀರು ಬಂತು. ಇನ್ನೊಂದಕ್ಕೂ ಒತ್ತಿದಳು. ಸಾಲು ಮುಗಿಯುವತನಕ ಒತ್ತಿದಳು.

"ಮೌಸಿ, ಕೆಲ್ಸ ಹೋಗ್ತದ!"

"ಹೋಗ್ಲಿ. ಗಂಜಿ ಹೊಡಿ."

ಮುಸ್ಕಾನ್ ಸೂಗಪ್ಪ ಹೋದ ದಿಕ್ಕನ್ನೊಮ್ಮೆ ನೋಡಿದಳು. ಆಮೇಲೆ ಗಂಜಿ ಹೊಡೆದಳು.

ಸಂಜೆ ಭಟ್ಟಿಯ ಬಾಗಿಲು ತೆರೆಯಿತು. ಪಾತ್ರೆಗಳು ಒಂದೊಂದಾಗಿ ಆರಿ ಕೆಂಪಾದವು. ಎಲ್ಲದರ ಹೊಟ್ಟೆಯ ಮೇಲೂ ಒಂದು ಕೈ, ಐದೂ ಬೆರಳು, ಬೊಬ್ಬೆ ಎದ್ದು ನಿಂತಿತ್ತು.

ಸೂಗಪ್ಪನ ದನಿ ಸೀಳಿತು. "ಯಾವ ಸೂಳೀ ಕೈ ಇದು?"

ಶಂಕ್ರಮ್ಮ ಮುಂದೆ ಬಂದು, ಅವನ ಮುಖದೆದುರು ಅಂಗೈ ಅಗಲಿಸಿ ಹಿಡಿದಳು.

"ಹೊಂದಿಸಿ ನೋಡು."